ಬದಲಾದ ಪರೀಕ್ಷೆ, ಬದಲಾಗದ ತರಗತಿ: ಮಾರಿಷಸ್ ದ್ವೀಪದ ಶಿಕ್ಷಣ ಸುಧಾರಣೆಯಿಂದ ಶಿಕ್ಷಕರು ಕಲಿಯಬಹುದಾದದ್ದು

ಅಭ್ಯಾಸ ಬೋಧನೆಗೆ ಹೊರಟ ಪ್ರಶಿಕ್ಷಣಾರ್ಥಿಗೆ ‘ರಾಷ್ಟ್ರೀಯ ಶಿಕ್ಷಣ ವ್ಯವಸ್ಥೆಯ ಸುಧಾರಣೆ’ ಎಂಬ ಮಾತು ತನಗೆ ದೂರದ್ದು ಅನ್ನಿಸುವುದು ಸಹಜ. ಅದು ಮಂತ್ರಿಗಳು, ಆಯೋಗಗಳು ನೋಡಿಕೊಳ್ಳುವ ವಿಷಯ. ನಮ್ಮ ಚಿಂತೆ ನಾಳೆಯ ನಲವತ್ತು ನಿಮಿಷದ ಪಾಠದ್ದು ಎಂದುಕೊಳ್ಳುತ್ತೇವೆ. ಆದರೆ ಯಾವ ಸುಧಾರಣೆಯೇ ಆಗಲಿ, ಕೊನೆಗೆ ಮಗುವನ್ನು ಮುಟ್ಟುವುದು ಆ ನಲವತ್ತು ನಿಮಿಷದ ಮೂಲಕವೇ. ಈ ಸಂಬಂಧವನ್ನು ಸ್ಪಷ್ಟವಾಗಿ ನೋಡಲು ದೊಡ್ಡ ದೇಶಕ್ಕಿಂತ ಸಣ್ಣ ದೇಶ ಅನುಕೂಲ. ಅಲ್ಲಿ ಶಾಲೆಗಳು ಕಡಿಮೆ, ದೂರ ಕಡಿಮೆ. ಒಂದು ಆದೇಶ ಹೊರಟರೆ ಅದು ಎಲ್ಲಿ ತಲುಪಿತು, ಎಲ್ಲಿ ನಿಂತಿತು ಎಂಬುದು ಬೇಗ ಕಣ್ಣಿಗೆ ಬೀಳುತ್ತದೆ. ಅಂಥ ಒಂದು ದೇಶ ಹಿಂದೂ ಮಹಾಸಾಗರದ ಮಾರಿಷಸ್.

ದ್ವೀಪದ ಪರಿಚಯ

ಮಾರಿಷಸ್ ದೇಶದ ಒಟ್ಟು ವಿಸ್ತೀರ್ಣ ಸುಮಾರು 2,040 ಚದರ ಕಿಲೋಮೀಟರ್. ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ತುಸು ಚಿಕ್ಕದು. ಜನಸಂಖ್ಯೆ ಹನ್ನೆರಡೂವರೆ ಲಕ್ಷದ ಆಸುಪಾಸು. 1715ರಿಂದ 1810ರವರೆಗೆ ಫ್ರೆಂಚರು, ಆ ಮೇಲೆ ಬ್ರಿಟಿಷರು ಆಳಿದರು. ಕಬ್ಬಿನ ತೋಟಗಳಲ್ಲಿ ದುಡಿಯಲು ಮೊದಲು ಆಫ್ರಿಕಾ ಮತ್ತು ಮಡಗಾಸ್ಕರ್‌ಗಳಿಂದ ಗುಲಾಮರನ್ನು ತಂದರು. ಗುಲಾಮಗಿರಿ ರದ್ದಾಗುವ ಹೊತ್ತಿಗೆ, 1834ರಿಂದ, ಭಾರತದಿಂದ ಕರಾರು ಕೂಲಿಗಳನ್ನು ಕರೆತಂದರು. ಅವರು ಬಂದಿಳಿದ ಪೋರ್ಟ್ ಲೂಯಿಯ ಅಪ್ರವಾಸಿ ಘಾಟ್ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಇಂದು ಜನಸಂಖ್ಯೆಯ ಸುಮಾರು ಮೂರನೇ ಎರಡರಷ್ಟು ಮಂದಿ ಭಾರತೀಯ ಮೂಲದವರು.

1968ರ ಮಾರ್ಚ್ 12ರಂದು ದೇಶ ಸ್ವತಂತ್ರವಾಯಿತು. ಆಗ ಅದರ ಕೈಯಲ್ಲಿದ್ದದ್ದು ಸಕ್ಕರೆಯೊಂದೇ. ಗಣಿಯಿಲ್ಲ, ತೈಲವಿಲ್ಲ. ಜನರನ್ನು ಓದಿಸುವುದನ್ನು ಬಿಟ್ಟರೆ ಬೇರೆ ದಾರಿಯಿಲ್ಲ ಎಂಬುದನ್ನು ಅಲ್ಲಿನ ನಾಯಕರು ಬೇಗ ಅರಿತರು. ಅಲ್ಲಿಂದ ಇಲ್ಲಿಯವರೆಗಿನ ಪ್ರಯತ್ನಗಳನ್ನು ಮೂರು ಹಂತಗಳಲ್ಲಿ ನೋಡಬಹುದು: ಎಲ್ಲರಿಗೂ ಶಾಲೆ ಸಿಗುವಂತೆ ಮಾಡಿದ್ದು, ಪರೀಕ್ಷೆಯನ್ನು ಬದಲಿಸಲು ಹೊರಟದ್ದು, ಕಲಿಕೆಯ ಭಾಷೆಯ ಪ್ರಶ್ನೆಯನ್ನು ಎದುರಿಸಿದ್ದು.

ಮೊದಲ ಹಂತ: ಎಲ್ಲರಿಗೂ ಶಾಲೆ

ಮೊದಲ ಹಂತ ಯಶಸ್ಸಿನ ಕಥೆ. 1977ರಲ್ಲಿ ಪ್ರೌಢಶಾಲೆಯ ಶುಲ್ಕವನ್ನು ತೆಗೆದುಹಾಕಿದರು. ಅದುವರೆಗೆ ಪ್ರಾಥಮಿಕ ಹಂತ ಮುಗಿಸಿದ ಬಡವರ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಅಲ್ಲಿಗೇ ನಿಲ್ಲುತ್ತಿದ್ದರು. ಮನೆಯಲ್ಲಿ ಒಬ್ಬರ ಶುಲ್ಕಕ್ಕಷ್ಟೇ ಹಣವಿದ್ದರೆ ಗಂಡುಮಗನನ್ನು ಕಳಿಸುವುದು ರೂಢಿಯಾಗಿತ್ತು. ಶುಲ್ಕ ಹೋದ ಮೇಲೆ ಆ ಆಯ್ಕೆಯ ಅಗತ್ಯ ಉಳಿಯಲಿಲ್ಲ. ಪ್ರೌಢಶಾಲೆಗಳಲ್ಲಿ ಖಾಸಗಿಯವೇ ಹೆಚ್ಚಾಗಿದ್ದವು. ಅವುಗಳಿಗೆ ಸರ್ಕಾರ ಅನುದಾನ ಕೊಟ್ಟು ಉಚಿತ ವ್ಯವಸ್ಥೆಯೊಳಗೆ ತಂದಿತು. 2005ರಲ್ಲಿ 16 ವರ್ಷದವರೆಗೆ ಶಿಕ್ಷಣ ಕಡ್ಡಾಯವಾಯಿತು. ಅದೇ ವರ್ಷ ವಿದ್ಯಾರ್ಥಿಗಳಿಗೆ ಬಸ್ ಪ್ರಯಾಣವೂ ಉಚಿತವಾಯಿತು.

ಹೀಗೆ ಹಣ ಮತ್ತು ದೂರ ಎಂಬ ಎರಡು ಅಡ್ಡಿಗಳನ್ನು ಈ ದೇಶ ಬಹುಮಟ್ಟಿಗೆ ದಾಟಿತು. ಇಷ್ಟಾದ ಮೇಲೂ ಪ್ರಾಥಮಿಕ ಹಂತದ ಕೊನೆಯಲ್ಲಿ ಸುಮಾರು ಮೂರನೇ ಒಂದರಷ್ಟು ಮಕ್ಕಳು ವರ್ಷ ವರ್ಷವೂ ಅನುತ್ತೀರ್ಣರಾಗುತ್ತಿದ್ದರು. ಆರು ವರ್ಷ ತಪ್ಪದೆ ಶಾಲೆಗೆ ಬಂದ ಮಗು ಕೊನೆಗೆ ಓದಲು, ಲೆಕ್ಕ ಮಾಡಲು ಬಾರದೆ ಹೊರಗೆ ಹೋಗುತ್ತಿತ್ತು. ಶಾಲೆಗೆ ಬರುವುದು ಬೇರೆ, ಕಲಿಯುವುದು ಬೇರೆ ಎಂಬ ಸತ್ಯ ಅಲ್ಲಿ ಅಂಕಿಗಳಲ್ಲೇ ಎದ್ದು ಕಂಡಿತು.

ಹನ್ನೊಂದರ ವಯಸ್ಸಿನ ಪರೀಕ್ಷೆ

ಈ ಮಕ್ಕಳು ಅನುತ್ತೀರ್ಣರಾಗುತ್ತಿದ್ದ ಪರೀಕ್ಷೆಯ ಹೆಸರು ‘ಸರ್ಟಿಫಿಕೇಟ್ ಆಫ್ ಪ್ರೈಮರಿ ಎಜುಕೇಶನ್’. ಜನ ಅದನ್ನು ಸಿಪಿಇ ಎಂದೇ ಕರೆಯುತ್ತಿದ್ದರು. ಆರನೇ ತರಗತಿಯ ಕೊನೆಗೆ, ಮಗುವಿಗೆ ಸುಮಾರು ಹನ್ನೊಂದು ವರ್ಷವಾದಾಗ, ಇಂಗ್ಲಿಷ್, ಫ್ರೆಂಚ್, ಗಣಿತ, ವಿಜ್ಞಾನ, ಇತಿಹಾಸ-ಭೂಗೋಳಗಳಲ್ಲಿ ಈ ಪರೀಕ್ಷೆ ನಡೆಯುತ್ತಿತ್ತು.

ಒಂದೇ ಪರೀಕ್ಷೆಗೆ ಎರಡು ಕೆಲಸ ವಹಿಸಿದ್ದರು. ಮಗು ಪ್ರಾಥಮಿಕ ಹಂತದ ಕಲಿಕೆಯನ್ನು ಸಾಧಿಸಿದೆಯೇ ಎಂದು ನೋಡುವುದು ಒಂದು. ಕೆಲವೇ ಹೆಸರುವಾಸಿ ಪ್ರೌಢಶಾಲೆಗಳ ಸೀಟುಗಳಿಗೆ ಮಕ್ಕಳನ್ನು ಆರಿಸುವುದು ಇನ್ನೊಂದು. ಮಾಪನ ಮತ್ತು ಮೌಲ್ಯಮಾಪನ ಪತ್ರಿಕೆಯಲ್ಲಿ ನಾವು ಓದುವ ಸಾಧನಾ ಪರೀಕ್ಷೆ ಮತ್ತು ಆಯ್ಕೆ ಪರೀಕ್ಷೆಯ ವ್ಯತ್ಯಾಸ ಇದೇ. ಸಾಧನಾ ಪರೀಕ್ಷೆಯಲ್ಲಿ ಎಲ್ಲರೂ ಗೆಲ್ಲಬಹುದು. ಆಯ್ಕೆ ಪರೀಕ್ಷೆಯಲ್ಲಿ ಒಬ್ಬರು ಮುಂದೆ ಬಂದರೆ ಇನ್ನೊಬ್ಬರು ಹಿಂದೆ ಬೀಳಲೇಬೇಕು. ಎರಡನ್ನೂ ಒಂದರಲ್ಲೇ ಬೆರೆಸಿದಾಗ ಆಯ್ಕೆಯ ಗುಣವೇ ಮೇಲಾಗುತ್ತದೆ. ಇಡೀ ದ್ವೀಪದ ಮಕ್ಕಳಿಗೆ ರ‍್ಯಾಂಕ್ ಕೊಡುತ್ತಿದ್ದ ಕಾಲದಲ್ಲಿ ಅರ್ಧ ಅಂಕವೂ ಮಗು ಸೇರುವ ಶಾಲೆಯನ್ನು ತೀರ್ಮಾನಿಸುತ್ತಿತ್ತು.

ಇದರ ಫಲವಾಗಿ ಮನೆಪಾಠ ಬೆಳೆಯಿತು. ಹಗಲು ಶಾಲೆಯಲ್ಲಿ ಪಾಠ ಹೇಳಿದ ಶಿಕ್ಷಕರೇ ಸಂಜೆ ಅದೇ ಮಕ್ಕಳಿಗೆ ಹಣ ಪಡೆದು ಪಾಠ ಹೇಳುವುದು ಸಾಮಾನ್ಯವಾಯಿತು. ಉಚಿತ ಶಿಕ್ಷಣವಿದ್ದರೂ ತಂದೆತಾಯಿಗಳ ಕಿಸೆ ಬರಿದಾಗುತ್ತಲೇ ಇತ್ತು. 2011ರ ಕಾನೂನು ತಿದ್ದುಪಡಿ ನಾಲ್ಕನೇ ತರಗತಿಯವರೆಗಿನ ಮಕ್ಕಳಿಗೆ ಮನೆಪಾಠ ಹೇಳುವುದನ್ನು ನಿಷೇಧಿಸಿತು. ಆದರೆ ಪೈಪೋಟಿ ಇರುವವರೆಗೆ ಮನೆಪಾಠದ ಬೇಡಿಕೆ ಇದ್ದೇ ಇರುತ್ತದೆ; ಮೇಲಿನ ತರಗತಿಗಳಲ್ಲಿ ಅದು ಮುಂದುವರಿಯಿತು.

ಈ ಓಟದಲ್ಲಿ ಸೋತ ಮಗುವಿನ ಗತಿಯೇನು? ಎರಡು ಬಾರಿ ಅನುತ್ತೀರ್ಣವಾದರೆ ಮುಖ್ಯ ಪ್ರೌಢಶಾಲೆಯ ದಾರಿ ಮುಚ್ಚುತ್ತಿತ್ತು. ಮೂರು ವರ್ಷದ ‘ಪೂರ್ವ-ವೃತ್ತಿ’ ವಿಭಾಗಕ್ಕೆ ಅದನ್ನು ಕಳಿಸುತ್ತಿದ್ದರು. ಹದಿಮೂರು ವರ್ಷ ತುಂಬುವ ಮೊದಲೇ ತಾನು ಓದಿಗೆ ಲಾಯಕ್ಕಲ್ಲ ಎಂಬ ಭಾವನೆ ಆ ಮಗುವಿನಲ್ಲಿ ಬೇರೂರುತ್ತಿತ್ತು.

ಎರಡನೇ ಹಂತ: ಪರೀಕ್ಷೆಯ ಸುಧಾರಣೆ

2001ರಲ್ಲಿ ಸರ್ಕಾರ ಒಂದು ದಿಟ್ಟ ಯೋಜನೆ ಪ್ರಕಟಿಸಿತು. ರ‍್ಯಾಂಕ್ ಪದ್ಧತಿಯನ್ನು ಕೈಬಿಟ್ಟು ಶ್ರೇಣಿ ಪದ್ಧತಿ ತರುವುದು, ದೇಶವನ್ನು ನಾಲ್ಕು ವಲಯಗಳಾಗಿ ಮಾಡಿ ಮಗುವಿಗೆ ತನ್ನ ವಲಯದಲ್ಲೇ ಪ್ರೌಢಶಾಲೆ ಒದಗಿಸುವುದು, ಹೊಸ ಶಾಲೆಗಳನ್ನು ಕಟ್ಟುವುದು, ಹೆಸರುವಾಸಿ ಶಾಲೆಗಳನ್ನು ಮೇಲಿನ ಎರಡು ವರ್ಷದ ಕಾಲೇಜುಗಳಾಗಿ ಪರಿವರ್ತಿಸುವುದು ಅದರ ಮುಖ್ಯ ಅಂಶಗಳು. ಆದರೆ 2005ರಲ್ಲಿ ಸರ್ಕಾರ ಬದಲಾಯಿತು. ಹೊಸ ಸರ್ಕಾರ ‘ಎ ಪ್ಲಸ್’ ಎಂಬ ಶ್ರೇಣಿಯನ್ನು ಸೇರಿಸಿತು. ಅದನ್ನು ಗಳಿಸಿದವರಿಗೆ ರಾಷ್ಟ್ರಮಟ್ಟದ ಆಯ್ದ ಶಾಲೆಗಳನ್ನು ಮತ್ತೆ ತೆರೆಯಿತು. ರ‍್ಯಾಂಕ್ ಎಂಬ ಹೆಸರಿಲ್ಲದಿದ್ದರೂ ಓಟ ಮತ್ತೆ ಶುರುವಾಯಿತು.

2017ರಲ್ಲಿ ‘ಒಂಬತ್ತು ವರ್ಷಗಳ ನಿರಂತರ ಮೂಲ ಶಿಕ್ಷಣ’ ಎಂಬ ದೊಡ್ಡ ಸುಧಾರಣೆ ಜಾರಿಗೆ ಬಂತು. ಒಂದರಿಂದ ಒಂಬತ್ತನೇ ತರಗತಿಯವರೆಗೆ ಎಲ್ಲ ಮಕ್ಕಳೂ ಒಂದೇ ದಾರಿಯಲ್ಲಿ ನಡೆಯಬೇಕು ಎಂಬುದು ಇದರ ಆಶಯ. ಸಿಪಿಇ ಹೋಗಿ ಪಿಎಸ್ಎಸಿ ಎಂಬ ಪ್ರಾಥಮಿಕ ಸಾಧನಾ ಪ್ರಮಾಣಪತ್ರ ಬಂತು. ಎಲ್ಲವನ್ನೂ ಕೊನೆಯಲ್ಲಿ ಒಟ್ಟಿಗೆ ಬರೆಸುವ ಬದಲು ವಿಜ್ಞಾನ ಮತ್ತು ಇತಿಹಾಸ-ಭೂಗೋಳಗಳನ್ನು ಐದನೇ ತರಗತಿಯಿಂದ ಭಾಗ ಭಾಗವಾಗಿ ಮೌಲ್ಯಮಾಪನ ಮಾಡುವ ಕ್ರಮ ಬಂತು. ಒಂದನೇ ತರಗತಿಯಿಂದಲೇ ಹಿಂದುಳಿದ ಮಕ್ಕಳನ್ನು ಗುರುತಿಸಿ ನೆರವಾಗಲು ಪ್ರತ್ಯೇಕ ಬೆಂಬಲ ಶಿಕ್ಷಕರನ್ನು ನೇಮಿಸಿದರು. ಪೂರ್ವ-ವೃತ್ತಿ ವಿಭಾಗವನ್ನು ಮುಚ್ಚಿದರು. ಆರನೇ ತರಗತಿಯಲ್ಲಿ ಮಟ್ಟ ತಲುಪದ ಮಕ್ಕಳೂ ಸಾಮಾನ್ಯ ಪ್ರೌಢಶಾಲೆಗೇ ಹೋಗಿ, ಉಳಿದವರು ಮೂರು ವರ್ಷದಲ್ಲಿ ಮುಗಿಸುವುದನ್ನು ನಾಲ್ಕು ವರ್ಷದಲ್ಲಿ ಮುಗಿಸುವ ‘ವಿಸ್ತೃತ ಕಾರ್ಯಕ್ರಮ’ ರೂಪುಗೊಂಡಿತು.

ಆಶಯ ಒಳ್ಳೆಯದೇ. ಆದರೆ ಎರಡು ಕಡೆ ಅದು ತಡವರಿಸಿತು. ಒಂಬತ್ತನೇ ತರಗತಿಯ ರಾಷ್ಟ್ರೀಯ ಪರೀಕ್ಷೆಯ ಆಧಾರದ ಮೇಲೆ ಹನ್ನೆರಡು ‘ಅಕಾಡೆಮಿ’ಗಳಿಗೆ ಮಕ್ಕಳನ್ನು ಆರಿಸುವ ಕ್ರಮ ಬಂದುದರಿಂದ, ಹನ್ನೊಂದನೇ ವಯಸ್ಸಿನಲ್ಲಿದ್ದ ಪೈಪೋಟಿಯ ಬಾಗಿಲು ಹದಿನಾಲ್ಕು-ಹದಿನೈದಕ್ಕೆ ಸರಿಯಿತು. ಇನ್ನೊಂದು ಕಡೆ, ವಿಸ್ತೃತ ಕಾರ್ಯಕ್ರಮದ ಮಕ್ಕಳು ಕೊನೆಗೆ ಬರೆಯಬೇಕಾಗಿದ್ದದ್ದು ಉಳಿದವರು ಬರೆಯುತ್ತಿದ್ದ ಪರೀಕ್ಷೆಯನ್ನೇ. ಮೊದಲ ತಂಡಗಳಲ್ಲಿ ಬಹುಪಾಲು ಮಕ್ಕಳು ತೇರ್ಗಡೆಯಾಗಲಿಲ್ಲ.

ಇಲ್ಲಿ ಶಿಕ್ಷಕರಾದ ನಾವು ಯೋಚಿಸಬೇಕಾದದ್ದಿದೆ. ಮೂರು ವರ್ಷಕ್ಕೆ ಒಂದು ವರ್ಷ ಸೇರಿಸಿದರೆ ಸಮಯ ಹೆಚ್ಚುತ್ತದೆ. ಆದರೆ ಎರಡನೇ ತರಗತಿಯ ಓದು ಬಾರದ ಮಗುವಿಗೆ ಏಳನೇ ತರಗತಿಯ ಪಠ್ಯವನ್ನು ನಿಧಾನವಾಗಿ ಹೇಳಿದ ಮಾತ್ರಕ್ಕೆ ಓದು ಬರುವುದಿಲ್ಲ. ಅದು ಎಲ್ಲಿ ನಿಂತಿದೆಯೋ ಅಲ್ಲಿಂದ ಹಿಡಿದು ಮೇಲೆ ತರಬೇಕು. ನೈದಾನಿಕ ಪರೀಕ್ಷೆ, ಪರಿಹಾರ ಬೋಧನೆ ಎಂದು ನಾವು ಪಠ್ಯದಲ್ಲಿ ಓದುವುದು ಇದನ್ನೇ. ಪ್ರೌಢಶಾಲಾ ಶಿಕ್ಷಕರಿಗೆ ಸಾಮಾನ್ಯವಾಗಿ ವಿಷಯ ಬೋಧನೆಯ ತರಬೇತಿ ಇರುತ್ತದೆ. ಮೊದಲ ಓದು ಕಲಿಸುವ ತರಬೇತಿ ಇರುವುದು ಅಪರೂಪ. ಹದಿಮೂರು ವರ್ಷದ ಮಗುವಿಗೆ, ಅದಕ್ಕೆ ಅವಮಾನವಾಗದಂತೆ, ಅಕ್ಷರ ಕೂಡಿಸಿ ಓದುವುದನ್ನು ಕಲಿಸುವುದು ಬೇರೆಯದೇ ಕೌಶಲ.

ಮೂರನೇ ಹಂತ: ಭಾಷೆಯ ಪ್ರಶ್ನೆ

ಮಗು ಎಲ್ಲಿ ನಿಂತುಬಿಟ್ಟಿತು ಎಂದು ಹುಡುಕುತ್ತ ಹಿಂದಕ್ಕೆ ಹೋದರೆ ನಾವು ಒಂದನೇ ತರಗತಿಗೆ ಬಂದು ಮುಟ್ಟುತ್ತೇವೆ. ಮಾರಿಷಸ್‌ನ ಬಹುಪಾಲು ಮನೆಗಳಲ್ಲಿ ಆಡುವ ಮಾತು ಕ್ರಿಯೋಲ್. 2011ರ ಜನಗಣತಿಯಲ್ಲೇ ಶೇ. 80ಕ್ಕಿಂತ ಹೆಚ್ಚು ಮಂದಿ ಮನೆಮಾತು ಕ್ರಿಯೋಲ್ ಎಂದು ಹೇಳಿದ್ದರು. ಹದಿನೆಂಟನೇ ಶತಮಾನದಲ್ಲಿ ಗುಲಾಮರು ಮತ್ತು ಒಡೆಯರ ನಡುವಿನ ವ್ಯವಹಾರದಲ್ಲಿ ಹುಟ್ಟಿದ ಈ ಭಾಷೆಯ ಶಬ್ದಗಳು ಹೆಚ್ಚಾಗಿ ಫ್ರೆಂಚ್ ಮೂಲದವು; ವ್ಯಾಕರಣ ಅದರದೇ. ಪತ್ರಿಕೆಗಳಲ್ಲಿ ಫ್ರೆಂಚ್ ಪ್ರಬಲ. ಶಾಸನಸಭೆಯ ಅಧಿಕೃತ ಭಾಷೆ ಇಂಗ್ಲಿಷ್. ಭಾಷಾ ವಿಷಯಗಳನ್ನು ಬಿಟ್ಟರೆ ಪಠ್ಯಪುಸ್ತಕ, ಪರೀಕ್ಷೆ ಎರಡೂ ಇಂಗ್ಲಿಷ್‌ನಲ್ಲಿ.

1957ರ ಶಿಕ್ಷಣ ಕಾನೂನಿನ ಪ್ರಕಾರ ಮೂರನೇ ತರಗತಿಯವರೆಗೆ ಮಗುವಿಗೆ ಸೂಕ್ತವೆನಿಸಿದ ಭಾಷೆಯಲ್ಲಿ ಕಲಿಸಲು ಅವಕಾಶವಿದೆ. ನಾಲ್ಕರಿಂದ ಇಂಗ್ಲಿಷ್ ಮಾಧ್ಯಮ. ಆದರೆ ಪುಸ್ತಕ ಒಂದನೇ ತರಗತಿಯಿಂದಲೇ ಇಂಗ್ಲಿಷ್‌ನಲ್ಲಿದ್ದಾಗ ಈ ಅವಕಾಶ ಬಾಯಿಮಾತಿನ ವಿವರಣೆಗಷ್ಟೇ ಸೀಮಿತವಾಗುತ್ತದೆ. ಶಿಕ್ಷಕರು ಕ್ರಿಯೋಲ್‌ನಲ್ಲಿ ವಿವರಿಸುತ್ತಾರೆ, ಇಂಗ್ಲಿಷ್‌ನಲ್ಲಿ ಕಪ್ಪುಹಲಗೆಯ ಮೇಲೆ ಬರೆಯುತ್ತಾರೆ. ಮಕ್ಕಳು ಕ್ರಿಯೋಲ್‌ನಲ್ಲಿ ಉತ್ತರಿಸಿ, ಇಂಗ್ಲಿಷನ್ನು ನಕಲು ಮಾಡುತ್ತಾರೆ. ಜೊತೆಗೆ ಒಂದನೇ ತರಗತಿಯಿಂದಲೇ ಫ್ರೆಂಚ್. ಇದರ ಮೇಲೆ ಹಿಂದಿ, ಉರ್ದು, ತಮಿಳು, ತೆಲುಗು, ಮರಾಠಿ, ಚೀನೀ, ಅರೇಬಿಕ್ ಮುಂತಾದವುಗಳಲ್ಲಿ ಒಂದು. ಐದು-ಆರು ವರ್ಷದ ಮಗು ಓದಲು ಕಲಿಯುವ ವರ್ಷದಲ್ಲೇ ಎರಡು ಮೂರು ಭಾಷೆಗಳ ಬರಹವನ್ನು ಎದುರಿಸಬೇಕು. ತಾನು ಆಡುವ ಭಾಷೆಯ ಬರಹ ಮಾತ್ರ ಬಹುಕಾಲ ಅದಕ್ಕೆ ಸಿಗಲೇ ಇಲ್ಲ.

ಗಣಿತದ ಒಂದು ಉದಾಹರಣೆ ನೋಡೋಣ. ಫ್ರೆಂಚ್‌ನಂತೆ ಕ್ರಿಯೋಲ್‌ನಲ್ಲೂ 80ಕ್ಕೆ ‘ನಾಲ್ಕು ಇಪ್ಪತ್ತು’ ಎಂಬ ಅರ್ಥದ ಶಬ್ದ. 90 ಎಂದರೆ ‘ನಾಲ್ಕು ಇಪ್ಪತ್ತು ಹತ್ತು’. 97 ಎಂದರೆ ‘ನಾಲ್ಕು ಇಪ್ಪತ್ತು ಹದಿನೇಳು’. ಇಂಗ್ಲಿಷ್‌ನಲ್ಲಿ ಅದೇ ಸಂಖ್ಯೆ ಒಂಬತ್ತು ಹತ್ತು ಮತ್ತು ಏಳು. ಮನೆಯಲ್ಲಿ ಕೇಳಿದ ಹೆಸರನ್ನು ನೆನಪಿಟ್ಟುಕೊಂಡು ಬರೆಯುವ ಮಗು 97ರ ಜಾಗದಲ್ಲಿ 8017 ಎಂದು ಬರೆದರೆ ಅದು ದಡ್ಡತನವಲ್ಲ. ಕೇಳಿದ್ದನ್ನು ಕೇಳಿದ ಹಾಗೇ ಬರೆದಿದೆ. ಈ ಕಾರಣ ತಿಳಿದ ಶಿಕ್ಷಕಿ ಹತ್ತರ ಕಡ್ಡಿಕಟ್ಟುಗಳನ್ನು ಮೇಜಿನ ಮೇಲಿಟ್ಟು, ನಾಲ್ಕು ಇಪ್ಪತ್ತುಗಳಲ್ಲಿ ಎಂಟು ಹತ್ತುಗಳಿವೆ, ಹದಿನೇಳರಲ್ಲಿ ಇನ್ನೊಂದು ಹತ್ತು ಇದೆ ಎಂದು ಮಗುವಿನಿಂದಲೇ ಎಣಿಸಿ ಹೇಳಿಸಬಲ್ಲರು. ತಿಳಿಯದ ಶಿಕ್ಷಕರು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಮುಂದೆ ಹೋಗುತ್ತಾರೆ.

ವಿಜ್ಞಾನದಲ್ಲೂ ಹಾಗೆಯೇ. ನೀರಿಗೆ ಕ್ರಿಯೋಲ್‌ನಲ್ಲಿ ‘ದೆಲೊ’, ಮಳೆಗೆ ‘ಲಾಪ್ಲಿ’, ಸಮುದ್ರಕ್ಕೆ ‘ಲಾಮೆರ್’. ದ್ವೀಪದ ಮಗುವಿಗೆ ಮಳೆ, ಸಮುದ್ರ, ಚಂಡಮಾರುತ ಹೊಸತಲ್ಲ. ಒದ್ದೆ ಬಟ್ಟೆ ಒಣಗಿದಾಗ ನೀರು ಎಲ್ಲಿ ಹೋಯಿತು ಎಂದು ಅದರ ಭಾಷೆಯಲ್ಲೇ ಕೇಳಿದರೆ ಹತ್ತು ಉತ್ತರ ಬರುತ್ತವೆ. ಆ ಚರ್ಚೆಯ ನಂತರ ಆವಿಯಾಗುವಿಕೆಯ ಇಂಗ್ಲಿಷ್ ಶಬ್ದ ಕೊಟ್ಟರೆ ಅದಕ್ಕೆ ಅಂಟಿಕೊಳ್ಳಲು ಒಂದು ಅರ್ಥ ಆಗಲೇ ಸಿದ್ಧವಾಗಿರುತ್ತದೆ. ಶಬ್ದವನ್ನೇ ಮೊದಲು ಕೊಟ್ಟು ಬಾಯಿಪಾಠ ಮಾಡಿಸಿದರೆ ಮಗು ಪರೀಕ್ಷೆಯ ಬಿಟ್ಟ ಸ್ಥಳ ತುಂಬಬಹುದು; ವಿಷಯ ಮಾತ್ರ ದಕ್ಕಿರುವುದಿಲ್ಲ.

ಕ್ರಿಯೋಲ್‌ಗೆ ಶಾಲೆಯ ಬಾಗಿಲು ತೆರೆಯಲು ಬಹಳ ಕಾಲ ಹಿಡಿಯಿತು. ಭಾಷಾಶಾಸ್ತ್ರಜ್ಞ ಮತ್ತು ನಾಟಕಕಾರ ದೇವ್ ವಿರಾಹ್‌ಸಾಮಿ 1960ರ ದಶಕದ ಕೊನೆಯಿಂದಲೇ ಅದಕ್ಕಾಗಿ ವಾದಿಸಿದರು. ವಯಸ್ಕರಿಗೆ ಕ್ರಿಯೋಲ್‌ನಲ್ಲಿ ಅಕ್ಷರ ಕಲಿಸುವ ಕೆಲಸ 1970ರ ದಶಕದಲ್ಲೇ ನಡೆಯಿತು. ಕ್ಯಾಥೊಲಿಕ್ ಶಾಲೆಗಳ ಪೂರ್ವ-ವೃತ್ತಿ ವಿಭಾಗದಲ್ಲಿ 2005ರಿಂದ ಕ್ರಿಯೋಲ್ ಮೂಲಕ ಓದು ಕಲಿಸುವ ಪ್ರಯೋಗ ಮಾಡಿದರು. 2004ರಲ್ಲಿ ಏಕರೂಪದ ಲಿಪಿಕ್ರಮದ ಪ್ರಸ್ತಾವ ಸಿದ್ಧವಾಯಿತು, 2011ರಲ್ಲಿ ಅಧಿಕೃತ ಕಾಗುಣಿತ ಬಂತು. 2012ರಲ್ಲಿ ಒಂದನೇ ತರಗತಿಯಲ್ಲಿ ಕ್ರಿಯೋಲ್ ಐಚ್ಛಿಕ ವಿಷಯವಾಯಿತು. ಅದೇ ಮಕ್ಕಳು 2017ರಲ್ಲಿ ಪ್ರಾಥಮಿಕ ಹಂತದ ಪರೀಕ್ಷೆಯಲ್ಲಿ ಅದನ್ನು ಬರೆದರು.

ಇಲ್ಲೂ ಒಂದು ಮಿತಿ ಉಳಿದಿದೆ. ಕ್ರಿಯೋಲ್ ಬಂದದ್ದು ಒಂದು ವಿಷಯವಾಗಿ, ಕಲಿಕೆಯ ಮಾಧ್ಯಮವಾಗಿ ಅಲ್ಲ. ಅದನ್ನು ಹಿಂದಿ, ತಮಿಳು, ಉರ್ದುಗಳಿರುವ ಆಯ್ಕೆಯ ಪಟ್ಟಿಗೇ ಸೇರಿಸಿದ್ದರಿಂದ, ಪೂರ್ವಜರ ಭಾಷೆ ಎಂದು ಹಿಂದಿಯನ್ನು ಆರಿಸಿದ ಮನೆಯ ಮಗು, ದಿನವಿಡೀ ಕ್ರಿಯೋಲ್ ಆಡಿದರೂ, ಅದನ್ನು ಶಾಲೆಯಲ್ಲಿ ಓದುವುದಿಲ್ಲ. ತಂದೆತಾಯಿಗಳ ಅಳುಕೂ ನಿಜವಾದದ್ದೇ. ಕ್ರಿಯೋಲ್ ಮಗುವಿಗೆ ಹೇಗೂ ಬರುತ್ತದೆ, ಕೆಲಸ ಸಿಗುವುದು ಇಂಗ್ಲಿಷ್-ಫ್ರೆಂಚ್‌ನಿಂದ ಎನ್ನುತ್ತಾರೆ. ಈ ಮಾತನ್ನು ತಳ್ಳಿಹಾಕಿ ಪ್ರಯೋಜನವಿಲ್ಲ. ಮನೆಮಾತಿನಲ್ಲಿ ಓದು ಗಟ್ಟಿಯಾದ ಮಗು ಎರಡನೇ ಭಾಷೆಯ ಓದನ್ನೂ ಸುಲಭವಾಗಿ ಹಿಡಿಯುತ್ತದೆ ಎಂಬುದನ್ನು ತರಗತಿಯಲ್ಲಿ ತೋರಿಸಿಕೊಟ್ಟಾಗಲೇ ಪೋಷಕರು ನಂಬುವುದು.

ಹಿಂದುಳಿದ ಶಾಲೆಗಳಿಗೆ ವಿಶೇಷ ಗಮನ

ಭಾಷೆಯ ಜೊತೆಗೆ ಬಡತನವೂ ಸೇರಿದರೆ ತೊಂದರೆ ಇಮ್ಮಡಿ. ಸಿಪಿಇಯಲ್ಲಿ ಶೇ. 40ಕ್ಕಿಂತ ಕಡಿಮೆ ಫಲಿತಾಂಶ ಪಡೆಯುತ್ತಿದ್ದ ಸುಮಾರು ಮೂವತ್ತು ಶಾಲೆಗಳನ್ನು ‘ಶಿಕ್ಷಣ ಆದ್ಯತಾ ವಲಯ’ ಎಂದು 2000ರ ದಶಕದ ಆರಂಭದಲ್ಲಿ ಗುರುತಿಸಿದರು. ಅಲ್ಲಿನ ಮಕ್ಕಳಿಗೆ ಊಟ, ಶಾಲೆಗೂ ಮನೆಗೂ ನಡುವೆ ಓಡಾಡಿ ಪೋಷಕರನ್ನು ಮಾತಾಡಿಸುವ ಮಧ್ಯವರ್ತಿಗಳು, ಸ್ಥಳೀಯ ಸಂಸ್ಥೆಗಳ ನೆರವು ಬಂದವು. ಹಸಿದ ಮಗುವಿಗೆ ಪಾಠ ಹತ್ತುವುದಿಲ್ಲ ಎಂಬುದು ಬಿಸಿಯೂಟ ಕಂಡಿರುವ ನಮಗೆ ಹೊಸ ಮಾತಲ್ಲ. ಈ ಯೋಜನೆಯ ನಿಜವಾದ ಬೆಲೆ ಇನ್ನೊಂದರಲ್ಲಿದೆ: ಸೋಲನ್ನು ಮಗುವಿನ ಹಣೆಗೆ ಅಂಟಿಸದೆ, ಶಾಲೆಗೆ ಏನು ಬೇಕು ಎಂದು ಅದು ಕೇಳಿತು.

ಶಿಕ್ಷಕರ ತಯಾರಿ

ಮಾರಿಷಸ್‌ನಲ್ಲಿ ಶಿಕ್ಷಕರ ತರಬೇತಿ ಮತ್ತು ಪಠ್ಯಕ್ರಮ ರಚನೆಯ ಹೊಣೆ ಮುಖ್ಯವಾಗಿ 1973ರಲ್ಲಿ ಸ್ಥಾಪನೆಯಾದ ಮಾರಿಷಸ್ ಶಿಕ್ಷಣ ಸಂಸ್ಥೆಯದು. ಏಷ್ಯಾದ ಭಾಷೆಗಳಲ್ಲಿ ಮಹಾತ್ಮ ಗಾಂಧಿ ಸಂಸ್ಥೆಯ ಪಾಲೂ ಇದೆ. ಪಠ್ಯಪುಸ್ತಕ ಬರೆಯುವವರೂ ಶಿಕ್ಷಕರಿಗೆ ತರಬೇತಿ ಕೊಡುವವರೂ ಒಂದೇ ಕಡೆ ಇರುವುದು ಸಣ್ಣ ದೇಶದ ಅನುಕೂಲ. ಸಣ್ಣ ದೇಶದ ಅನನುಕೂಲವೂ ಇದೆ: ಸರ್ಕಾರ ಬದಲಾದರೆ ಇಡೀ ವ್ಯವಸ್ಥೆ ಒಮ್ಮೆಗೇ ದಿಕ್ಕು ಬದಲಿಸಬಲ್ಲದು. 2001 ಮತ್ತು 2006ರ ನಡುವೆ ಆದದ್ದು ಅದೇ. ನಡುವೆ ಸಿಕ್ಕಿಕೊಂಡ ಶಿಕ್ಷಕರು ಯಾವ ಸುಧಾರಣೆಗೂ ಪೂರ್ತಿ ಮನಸ್ಸು ಕೊಡದೆ, ಇದೂ ಬದಲಾಗುತ್ತದೆ ಎಂದು ಹಳೆಯ ರೀತಿಯಲ್ಲೇ ಪಾಠ ಮುಂದುವರಿಸಿದರೆ ಅವರನ್ನು ದೂರುವುದು ಕಷ್ಟ.

ಪ್ರಶಿಕ್ಷಣಾರ್ಥಿಗಳಿಗೆ ಇದರಿಂದ ಏನು?

ಮಾರಿಷಸ್‌ನ ಐವತ್ತು ವರ್ಷದ ಅನುಭವವನ್ನು ಹೀಗೆ ಕೂಡಿಸಬಹುದು. ಶುಲ್ಕ, ಬಸ್ಸು, ಕಟ್ಟಡ ಇವನ್ನು ಸರ್ಕಾರ ಆದೇಶದಿಂದ ಬದಲಿಸಬಲ್ಲದು, ಬದಲಿಸಿತು. ಪರೀಕ್ಷೆಯ ಹೆಸರು, ವಯಸ್ಸು, ಶ್ರೇಣಿಯನ್ನೂ ಬದಲಿಸಬಲ್ಲದು, ಬದಲಿಸಿತು. ಮಗು ಆಡುವ ಮಾತಿನಿಂದ ಪುಸ್ತಕದ ಮಾತಿಗೆ ಸೇತುವೆ ಕಟ್ಟುವುದು, ತಪ್ಪಿನ ಹಿಂದಿನ ಕಾರಣ ಹುಡುಕುವುದು ಮಾತ್ರ ಆದೇಶದಿಂದ ಆಗುವ ಕೆಲಸಗಳಲ್ಲ. ಅವು ಶಿಕ್ಷಕರ ಕೈಯಲ್ಲಿವೆ. ಆ ಕೆಲಸಕ್ಕೆ ತರಬೇತಿ, ಸಮಯ, ಪುಸ್ತಕ ಒದಗಿಸದ ಸುಧಾರಣೆ ಅರ್ಧಕ್ಕೇ ನಿಲ್ಲುತ್ತದೆ.

ತುಳು, ಲಂಬಾಣಿ, ಉರ್ದು, ತೆಲುಗು ಮನೆಮಾತಿನ ಮಕ್ಕಳಿರುವ ತರಗತಿಗೆ ಅಭ್ಯಾಸ ಬೋಧನೆಗೆ ಹೋದವರಿಗೆ ಈ ಕಥೆ ಅಪರಿಚಿತವಲ್ಲ. ಪಾಠಯೋಜನೆಯಲ್ಲಿ ‘ಪೂರ್ವಜ್ಞಾನ’ ಎಂಬ ಅಂಕಣಕ್ಕೆ ನಾವು ಸಾಮಾನ್ಯವಾಗಿ ಹಿಂದಿನ ಪಾಠದ ಹೆಸರು ಬರೆದು ಮುಗಿಸುತ್ತೇವೆ. ಮಗು ಮನೆಯಿಂದ ತರುವ ಭಾಷೆ, ಎಣಿಕೆಯ ರೀತಿ, ಕಂಡ ಅನುಭವ ಇವೂ ಪೂರ್ವಜ್ಞಾನವೇ. ಆ ಅಂಕಣದಲ್ಲಿ ಇವುಗಳಿಗೂ ಎರಡು ಸಾಲು ಕೊಟ್ಟರೆ ಪಾಠದ ಆರಂಭವೇ ಬೇರೆಯಾಗುತ್ತದೆ. ವೀಕ್ಷಣೆಗೆ ಬರುವ ಮಾರ್ಗದರ್ಶಕರೂ ಕಪ್ಪುಹಲಗೆ, ಧ್ವನಿ, ಸಮಯಪಾಲನೆಗಳ ಜೊತೆಗೆ ಈ ಎರಡು ಸಾಲನ್ನು ಗಮನಿಸಿ ಅಭಿಪ್ರಾಯ ಬರೆಯುವುದು ಒಳ್ಳೆಯದು.

ಚರ್ಚೆಗೆ

1. ನಿಮ್ಮ ಅಭ್ಯಾಸ ಬೋಧನೆಯ ತರಗತಿಯಲ್ಲಿ ಎಷ್ಟು ಮನೆಮಾತುಗಳಿವೆ? ಇದನ್ನು ಮೊದಲ ದಿನವೇ ತಿಳಿದುಕೊಳ್ಳಲು ಯಾವ ಚಟುವಟಿಕೆ ಮಾಡಬಹುದು?

2. ಒಂದು ಘಟಕ ಪರೀಕ್ಷೆಯ ಉತ್ತರ ಪತ್ರಿಕೆಗಳಿಂದ ಹತ್ತು ತಪ್ಪುಗಳನ್ನು ಆರಿಸಿ. ಪ್ರತಿಯೊಂದರ ಹಿಂದೆ ಮಗು ಹೇಗೆ ಯೋಚಿಸಿರಬಹುದು ಎಂದು ಬರೆಯಿರಿ. ಸಾಧ್ಯವಾದರೆ ಆ ಮಗುವನ್ನೇ ಕೇಳಿ ನೋಡಿ.

3. ನೀವು ತಯಾರಿಸಿದ ಪ್ರಶ್ನೆಪತ್ರಿಕೆ ಕಲಿಕೆಯನ್ನು ಅಳೆಯುತ್ತದೆಯೇ, ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುತ್ತದೆಯೇ? ಯಾವ ಪ್ರಶ್ನೆಗಳು ಯಾವ ಕೆಲಸ ಮಾಡುತ್ತವೆ?

4. ಏಳನೇ ತರಗತಿಯಲ್ಲಿ ಓದಲು ಬಾರದ ಮೂವರು ಮಕ್ಕಳಿದ್ದಾರೆ ಎಂದುಕೊಳ್ಳಿ. ಉಳಿದವರ ಪಾಠ ನಿಲ್ಲದಂತೆ, ಆ ಮೂವರಿಗೆ ಅವಮಾನವಾಗದಂತೆ, ನಾಲ್ಕು ವಾರದ ಪರಿಹಾರ ಬೋಧನೆಯ ಯೋಜನೆ ತಯಾರಿಸಿ.